ಇನ್‌ರಶ್ ಕರೆಂಟ್: ವೋಲ್ಟೇಜ್ ಸೊನ್ನೆ ಇದ್ದಾಗಲೇ ಯಾಕೆ ಜಾಸ್ತಿ?

ಲೋಡ್ ಇಲ್ಲದ ಟ್ರಾನ್ಸ್‌ಫಾರ್ಮರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಆದರೆ ಸ್ವಿಚ್ ಹಾಕಿದ ಗಳಿಗೆಯಲ್ಲಿ ಅದೇ ಟ್ರಾನ್ಸ್‌ಫಾರ್ಮರ್ ಫುಲ್ ಲೋಡ್ ಕರೆಂಟಿನ 8-10 ಪಟ್ಟು ಎಳೆಯಬಹುದು. ಈ ಜಿಗಿತಕ್ಕೇ ಇನ್‌ರಶ್ ಅನ್ನುತ್ತಾರೆ. ಇಷ್ಟು ಗೊತ್ತಿತ್ತು. ನಾನು ಎರಡು ದಿನ ಒದ್ದಾಡಿದ್ದು ಮುಂದಿನ ಸಾಲಿಗೆ: ವೋಲ್ಟೇಜ್ ಸೊನ್ನೆ ದಾಟುವಾಗ ಸ್ವಿಚ್ ಹಾಕಿದರೆ ಇನ್‌ರಶ್ ಅತಿ ಹೆಚ್ಚು. ಸೊನ್ನೆಯಲ್ಲಿ ಮೆತ್ತಗೆ ಶುರು ಆಗಬೇಕಲ್ವಾ?

ಇಲ್ಲ. ಕೋರ್ (ಸುರುಳಿಯೊಳಗಿನ ಕಬ್ಬಿಣ) ನೋಡುವುದು ವೋಲ್ಟೇಜನ್ನಲ್ಲ, ಫ್ಲಕ್ಸನ್ನು, ಅಂದರೆ ತನ್ನೊಳಗಿನ ಕಾಂತೀಯ ಹರಿವನ್ನು. ವೋಲ್ಟೇಜ್ ಅಂದರೆ ನೀರಿನ ನಲ್ಲಿಯ ಹಾಗೆ, ಫ್ಲಕ್ಸ್ ಬಕೆಟ್ಟಿನ ನೀರಿನ ಹಾಗೆ. ನಲ್ಲಿ ನಿಂತ ಕ್ಷಣದಲ್ಲೇ ಬಕೆಟ್ ಅತಿ ತುಂಬಿರುವುದು. ಮಾಮೂಲಿ ಓಟದಲ್ಲಿ 50 ಹರ್ಟ್ಸಿನ ಅರ್ಧ ಸೈಕಲ್ಲು, ಅಂದರೆ 10 ಮಿಲಿಸೆಕೆಂಡಿನಲ್ಲಿ, ಫ್ಲಕ್ಸ್ ಮೈನಸ್ ಗರಿಷ್ಠದಿಂದ ಪ್ಲಸ್ ಗರಿಷ್ಠಕ್ಕೆ ಏರುತ್ತದೆ. ಒಟ್ಟು ಏರಿಕೆ ಗರಿಷ್ಠದ 2 ಪಟ್ಟು. ಈಗ ಆಫ್ ಇದ್ದ ಟ್ರಾನ್ಸ್‌ಫಾರ್ಮರಿಗೆ ವೋಲ್ಟೇಜಿನ ಸೊನ್ನೆಯಲ್ಲಿ ಸ್ವಿಚ್ ಹಾಕಿ. ನಲ್ಲಿ ಅಷ್ಟೇ ನೀರು ಬಿಡುತ್ತದೆ, ಆದರೆ ಬಕೆಟ್ ಶುರುವಾಗಿದ್ದು ಮೈನಸ್ಸಿನಿಂದಲ್ಲ, ಸೊನ್ನೆಯಿಂದ! ಹಾಗಾಗಿ ತುದಿ 2 ಪಟ್ಟಿಗೆ ಹೋಗುತ್ತದೆ. ಕಳೆದ ಸಲ ಆಫ್ ಮಾಡಿದಾಗ ಕೋರಿನಲ್ಲಿ ಉಳಿದ ಫ್ಲಕ್ಸ್ ಅದೇ ದಿಕ್ಕಿನಲ್ಲಿದ್ದರೆ ಇನ್ನೂ ಮೇಲೆ. ಕೋರನ್ನು ಸುಮಾರು 1.7 ಟೆಸ್ಲಾಗೆ ಡಿಸೈನ್ ಮಾಡಿರುತ್ತಾರೆ, 2 ಟೆಸ್ಲಾ ಹತ್ತಿರ ಅದು ಸ್ಯಾಚುರೇಟ್ ಆಗುತ್ತದೆ, ಅಂದರೆ ಫ್ಲಕ್ಸ್ ತುಂಬಿ ಇನ್ನು ಹಿಡಿಸದ ಹಾಗಾಗುತ್ತದೆ. ಆಮೇಲೆ ಸುರುಳಿಯೊಳಗೆ ಕಬ್ಬಿಣ ಇದ್ದೂ ಇಲ್ಲದ ಹಾಗೆ, ಕರೆಂಟ್ ಜಿಗಿಯುತ್ತದೆ.

ನನ್ನ ನೆನಪಿನ ಗುಟ್ಟು: 'ಸೊನ್ನೆಗೆ ಎರಡು, ಶಿಖರಕ್ಕೆ ಒಂದು'. ವೋಲ್ಟೇಜಿನ ಶಿಖರದಲ್ಲಿ ಸ್ವಿಚ್ ಹಾಕಿದರೆ ಫ್ಲಕ್ಸ್ ಸಹಜವಾಗಿಯೇ ಸೊನ್ನೆಯಿಂದ ಶುರು ಆಗುತ್ತದೆ, ಕೋರಿನಲ್ಲಿ ಹಳೇ ಫ್ಲಕ್ಸ್ ಉಳಿದಿರದಿದ್ದರೆ ಗಲಾಟೆಯೇ ಇಲ್ಲ. ಹಾಗಾದರೆ ಯಾವಾಗಲೂ ಶಿಖರದಲ್ಲೇ ಹಾಕಬಾರದೇ ಅನ್ನಬೇಡಿ. ಮೂರು ಫೇಸ್ 120 ಡಿಗ್ರಿ ದೂರ, ಒಂದೇ ಏಟಿಗೆ ಮುಚ್ಚುವ ಬ್ರೇಕರಿಗೆ ಮೂರೂ ಶಿಖರ ಒಟ್ಟಿಗೆ ಸಿಗುವುದಿಲ್ಲ.

ರಿಲೇ ವಿಷಯ ಚಿಕ್ಕದು. ಇನ್‌ರಶ್ ಹರಿಯುವುದು ಪ್ರೈಮರಿಯಲ್ಲಿ ಮಾತ್ರ, ಆದ್ದರಿಂದ ಡಿಫರೆನ್ಷಿಯಲ್ ರಿಲೇಗೆ (ಎರಡೂ ಬದಿಯ ಕರೆಂಟ್ ಹೋಲಿಸಿ, ತಾಳೆಯಾಗದಿದ್ದರೆ ಬ್ರೇಕರ್ ಬಿಡಿಸುವ ಕಾವಲುಗಾರ) ಅದು ಒಳಗಿನ ಫಾಲ್ಟ್ ಹಾಗೇ ಕಾಣುತ್ತದೆ. ಆದರೆ ಅಲೆ ಒಂದು ಬದಿಗೆ ವಾಲಿರುವುದರಿಂದ ಎರಡನೇ ಹಾರ್ಮೋನಿಕ್ (ಮೂಲ ಅಲೆಯ ಎರಡು ಪಟ್ಟು ಆವರ್ತನದ ಅಂಶ) ಜಾಸ್ತಿ. ಸಾಮಾನ್ಯವಾಗಿ ಅದು ಮೂಲ ಅಲೆಯ 15% ದಾಟಿದರೆ ಟ್ರಿಪ್ ತಡೆಯುವ ಹಾಗೆ ಸೆಟ್ ಮಾಡುತ್ತಾರೆ. ಹೊಸ ಕೋರುಗಳಲ್ಲಿ ಈ ಹಾರ್ಮೋನಿಕ್ ಅಷ್ಟು ಬಾರದೆಯೂ ಇರಬಹುದು, ಆಗ ಸೆಟ್ಟಿಂಗ್ ಇಳಿಸಬೇಕಾಗುತ್ತದೆ.