ಪದ ಪರಿಚಯ: ಸ್ವ-ಆರೈಕೆ

ಆರೈಕೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಬಾಣಂತಿ. ಬಿಸಿನೀರಿನ ಹಂಡೆ, ಎಣ್ಣೆ, ಕಷಾಯ. ಮಾಡುವವರು ಒಬ್ಬರು, ಮಾಡಿಸಿಕೊಳ್ಳುವವರು ಇನ್ನೊಬ್ಬರು. ಅದಕ್ಕೇ ಬಿಪಿಯ ಕರಪತ್ರಗಳಲ್ಲಿ ಬರುವ 'ಸ್ವ-ಆರೈಕೆ' ಕಿವಿಗೆ ಸ್ವಲ್ಪ ವಿಚಿತ್ರ. ಕೆಲವರಂತೂ ಅದನ್ನು 'ನಾನೇ ಡಾಕ್ಟರು' ಎಂದು ಓದಿಕೊಂಡು ಮಾತ್ರೆ ಬಿಟ್ಟು ನುಗ್ಗೆಸೊಪ್ಪು ಹಿಡಿಯುತ್ತಾರೆ.

ಹಳಗನ್ನಡದ 'ಆರಯ್'ಗೆ ಸಲಹು ಎಂಬುದರ ಜೊತೆ ಹುಡುಕಿ ನೋಡು, ವಿಚಾರಿಸು ಎಂಬ ಅರ್ಥವೂ ಇದೆ. ರಕ್ತದೊತ್ತಡಕ್ಕೆ ಇದೇ ಸರಿಹೊಂದುವುದು. ಬಿಪಿ ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. "ನಂಗೆ ಟೆನ್ಶನ್ನೇ ಇಲ್ಲ ಮಾರಾಯ್ರೆ, ಬಿಪಿ ಎಲ್ಲಿಂದ?" ಎನ್ನುವವರಿಗೂ ಇರುತ್ತದೆ. ಅಳೆದೇ ನೋಡಬೇಕು.

ಹೆಬ್ರಿ ಕಡೆಯ ನನ್ನ ದೊಡ್ಡಮ್ಮ ಗುಡ್ಡೆ ಹತ್ತಿ ಬಂದವರೇ ಜಗಲಿಯಲ್ಲಿ ಕೂತು ಕೈಗೆ ಪಟ್ಟಿ ಕಟ್ಟಿಸಿಕೊಂಡರು: ಮೇಲಿನದ್ದು 164. ಬೆನ್ನಾನಿಸಿ, ಪಾದ ಊರಿ, ಕೈಯನ್ನು ಎದೆಮಟ್ಟಕ್ಕೆ ಮೇಜಿನ ಮೇಲಿಟ್ಟು, ಐದು ನಿಮಿಷ ಮಾತಾಡದೆ (ಅವರಿಗೆ ಇದೇ ಕಷ್ಟ) ಕೂತ ಮೇಲೆ 146. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಬಿಪಿಯ ಲೆಕ್ಕವೂ ಉಂಟು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 140/90 ಗಡಿ. ಮನೆಯ ಅಳತೆಗೆ 135/85.

ಇನ್ನು ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ, ಎಲ್ಲ ಸೇರಿ. ಕರಾವಳಿಯ ಗಂಜಿ ಬಟ್ಟಲು ನೋಡಿ: ಗಂಜಿಯದ್ದೇನೂ ತಪ್ಪಿಲ್ಲ, ಪಕ್ಕದಲ್ಲಿ ಕೂತಿರುವ ಮಿಡಿ ಉಪ್ಪಿನಕಾಯಿ, ಒಣಮೀನು ಚಟ್ನಿ, ಹಪ್ಪಳದ್ದೇ ಕಾರುಬಾರು. ಮಳೆಗಾಲಕ್ಕೆ ಉಪ್ಪುನೀರಲ್ಲಿಟ್ಟ ಹಲಸಿನ ತೊಳೆ ಬೇರೆ. ಅದನ್ನು ಚೆನ್ನಾಗಿ ನೆನೆಸಿ ನೀರು ಬದಲಿಸುತ್ತಾ ಹೋದರೆ ಒಂದಷ್ಟು ಉಪ್ಪು ಬಿಡುತ್ತದೆ, ಪೂರ್ತಿ ಅಲ್ಲ. ಕಲ್ಲುಪ್ಪು, ಸೈಂಧವ ಲವಣ ಹಾಕಿದರೆ ಪರವಾಗಿಲ್ಲ ಎಂಬುದು ಬರೀ ನಂಬಿಕೆ, ಅದೂ ಸೋಡಿಯಮ್ಮೇ.

ನಡಿಗೆ, ಬೀಡಿ, ಶರಾಬಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಎಡವುವುದು ಮಾತ್ರೆಯಲ್ಲಿ. ಕ್ಯಾಲೆಂಡರಿನಲ್ಲಿ 128 ಕಂಡ ದಿನ ದೊಡ್ಡಮ್ಮ "ಇನ್ನು ಮಾತ್ರೆ ಯಾಕೆ?" ಎಂದರು. ಆ 128ರಲ್ಲಿ ಮಾತ್ರೆಯದ್ದೇ ದೊಡ್ಡ ಪಾಲು ಎಂದು ಒಪ್ಪಿಸುವಷ್ಟರಲ್ಲಿ ಚಾ ತಣ್ಣಗಾಗಿತ್ತು. ನಿಲ್ಲಿಸುವುದೋ ಇಳಿಸುವುದೋ ಡಾಕ್ಟರು ಹೇಳಬೇಕು; ಆ ಕ್ಯಾಲೆಂಡರಿನ ಹಾಳೆಯನ್ನು ಅವರಿಗೆ ತೋರಿಸಿದರಾಯಿತು.

ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅಳೆಯುತ್ತಾ ಕೂರುವಂತಿಲ್ಲ. ಅಲ್ಲಿಗೆ 'ಸ್ವ' ಮುಗಿಯಿತು. 108ಕ್ಕೆ ಫೋನ್ ಮಾಡಬೇಕು.