ನಸುಕಿನಲ್ಲಿ ಸಾಯುವ ಮೀನು

ಬೇಸಿಗೆಯಲ್ಲಿ ಆನೆಗೊಂದಿ ಹತ್ತಿರ ತುಂಗಭದ್ರೆ ಬಂಡೆಗಳ ನಡುವೆ ಅಲ್ಲಲ್ಲಿ ಮಡುವಾಗಿ ನಿಂತುಬಿಡುತ್ತದೆ. ಹೋದ ಬೇಸಿಗೆ ನಸುಕಿನಲ್ಲಿ ಅಂಥ ಒಂದು ಮಡುವಿಗೆ ಗಾಳ ತಗೊಂಡು ಹೋದವನಿಗೆ ಎರೆಹುಳ ಸಿಕ್ಕಿಸುವ ಮನಸ್ಸೇ ಬರಲಿಲ್ಲ. ದೊಡ್ಡ ದೊಡ್ಡ ಕಾಟ್ಲಾ, ರೋಹು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಾಯಿ ಅಗಲಿಸಿತ್ತು, ಕಿವಿರಿನ ಮುಚ್ಚಳ ಉಬ್ಬಿ ನಿಂತಿತ್ತು. ಸಣ್ಣವು ಇನ್ನೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು.

"ಯಾರೋ ಔಷಧ ಹಾಕ್ಯಾರ" ಅಂದರು ಜೊತೆಗಿದ್ದ ಕಾಕಾ.

ನನಗೆ ಹಾಗನ್ನಿಸಲಿಲ್ಲ. ಅವು ಉಸಿರುಕಟ್ಟಿ ಸತ್ತಿದ್ದವು.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಅಷ್ಟೇ ನೀರಿನಲ್ಲಿ, 20 ಡಿಗ್ರಿ ತಂಪಿದ್ದರೂ, ಕರಗುವುದು 9 ಮಿಲಿಗ್ರಾಂ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಬಿಸಿಲು ಗೊತ್ತಲ್ವಾ? ಅದರ ಮೇಲೆ ಹೊಲಗದ್ದೆಯ ಗೊಬ್ಬರ, ಊರಿನ ಚರಂಡಿ ನೀರು ಸೇರಿದರೆ ಪಾಚಿ ಹಬ್ಬಿ ನೀರು ಹಸಿರಾಗುತ್ತದೆ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನಂತೆ ಉಸಿರಾಡುತ್ತದೆ, ಆದರೆ ಕೊಡುವುದು ನಿಲ್ಲುತ್ತದೆ. ಹಾಗಾಗಿ ಹೊತ್ತು ಹುಟ್ಟುವ ಮುಂಚೆ ನೀರಿನಲ್ಲಿ ಉಸಿರು ತೀರಾ ಕಡಿಮೆ. ಹೆಚ್ಚಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ. ಕೊರಮೀನು ಮೇಲೆ ಬಂದು ಗಾಳಿಯನ್ನೇ ನುಂಗಿ ಬದುಕಿಕೊಳ್ಳುತ್ತದೆ. ಕೊರಮೀನು, ಮರಿ, ಸಿಗಡಿ ಎಲ್ಲ ಒಟ್ಟಿಗೆ ಸತ್ತಿದ್ದರೆ ಆಗ ವಿಷದ ಅನುಮಾನ ಪಡಬೇಕು.

ಮಧ್ಯಾಹ್ನ ನೀರು ತೆಗೆದು ಪರೀಕ್ಷೆ ಮಾಡಿದರೆ ಆಮ್ಲಜನಕ ಸರಿಯಾಗಿಯೇ ಕಾಣಬಹುದು. ಬಿಸಿಲಿಗೆ ಪಾಚಿ ಮತ್ತೆ ಕೆಲಸ ಶುರುಮಾಡಿರುತ್ತದೆ. ಅದಕ್ಕೇ ನೀರು ತುಂಬಿಕೊಳ್ಳಬೇಕಾದ್ದು ನಸುಕಿನಲ್ಲಿ, ಮೀನು ಸತ್ತ ಜಾಗದಲ್ಲೇ.

ಹೊಳೆಯಲ್ಲಿ ಈಗ ಮೀನೇ ಕಡಿಮೆಯಾಗಿದೆ. ಆದರೆ ಅದಕ್ಕೆ ಹೀಗೆ ಉಸಿರುಕಟ್ಟಿ ಸಾಯುವುದೊಂದೇ ಕಾರಣ ಅಲ್ಲ. ಕಾಟ್ಲಾ, ರೋಹು ಮಳೆಗಾಲದ ಹೊಸ ನೀರಿಗೆ ಎದುರು ಈಜಿ ಮೊಟ್ಟೆ ಇಡುವ ಜಾತಿ. 1953ರಿಂದ ಹೊಳೆಗೆ ಅಡ್ಡ ಅಣೆಕಟ್ಟು ನಿಂತಿದೆ. ಪ್ರವಾಹ ಈಗ ಗೇಟು ಎತ್ತಿದಾಗ ಬರುತ್ತದೆ, ಮೀನಿನ ಕಾಲಕ್ಕಲ್ಲ. ಸಿಡಿಮದ್ದು ಹಾಕಿ ಹಿಡಿಯುವವರು ಮರಿಯನ್ನೂ ಬಿಡುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಕಾಯ್ದಿಟ್ಟಿದ್ದಾರೆ. ಆ ನೀರುನಾಯಿ ತಿನ್ನಬೇಕಾದ್ದೂ ಇದೇ ಮೀನನ್ನು.

ಕಾಕಾ ಅವತ್ತು ಗಾಳ ಬಿಚ್ಚಲಿಲ್ಲ. ಸತ್ತವುಗಳಲ್ಲಿ ಕೊರಮೀನು ಇದೆಯಾ ಅಂತ ಮಡುವಿನ ಸುತ್ತ ಹುಡುಕಿದರು. ಒಂದೂ ಇರಲಿಲ್ಲ.