ನಿಕ್ಸನ್ ಅಲಾಸ್ಕಾಗೆ ಹಾರಿದ ಭಾನುವಾರ

ಚುನಾವಣಾ ಸಮೀಕ್ಷೆಗಳ ಲೆಕ್ಕ ನೋಡುವುದು ನನ್ನ ಕಸುಬು. ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹತ್ತಿರ ಬಂದಾಗಲೆಲ್ಲ ಗೊತ್ತಿರುವವರು ಕೇಳುವುದು ಒಂದೇ ಪ್ರಶ್ನೆ: ಇಬ್ಬರಲ್ಲಿ ಯಾರು ಗಟ್ಟಿ? ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಇವರಿಗೆ ಅನುಭವ ಇದೆ, ಅವರಿಗೆ ವಯಸ್ಸಿದೆ. ಇವರ ಹತ್ತಿರ ದುಡ್ಡಿದೆ, ಅವರಿಗೆ ಮಾತು ಬರುತ್ತದೆ. ಯಾರ ಕಡೆ ಪಟ್ಟಿ ಉದ್ದವೋ ಅವರದೇ ಗೆಲುವು ಎಂಬ ಎಣಿಕೆ. ಈ ಎಣಿಕೆ ಯಾಕೆ ಕೈಕೊಡುತ್ತದೆ ಎಂದು ಹೇಳಬೇಕಾದಾಗ ನಾನು ಪ್ರತಿ ಸಲ 1960ಕ್ಕೆ ಹೋಗುತ್ತೇನೆ. ಡೆಮಾಕ್ರಟಿಕ್ ಪಕ್ಷದ ಕೆನಡಿ ಮತ್ತು ರಿಪಬ್ಲಿಕನ್ ಪಕ್ಷದ ನಿಕ್ಸನ್ ಅವರಷ್ಟು ಸರಿಸಮವಾಗಿ ತೂಗಿದ ಜೋಡಿ ಸಿಗುವುದು ಅಪರೂಪ.

ಇಬ್ಬರೂ 1946ರ ಚುನಾವಣೆಯಲ್ಲೇ ಮೊದಲ ಸಲ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಆರಿಸಿ ಬಂದವರು. ಇಬ್ಬರೂ ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್‌ನಲ್ಲಿ ನೌಕಾಪಡೆಯ ಸೇವೆ ಮಾಡಿದವರು. ವಯಸ್ಸು ಕೆನಡಿ ಅವರಿಗೆ 43, ನಿಕ್ಸನ್ ಅವರಿಗೆ 47. ಆದರೂ ಆ ವರ್ಷ ಎಲ್ಲರೂ ಮಾತಾಡಿದ್ದು ನಿಕ್ಸನ್ ಅವರ ಅನುಭವದ ಬಗ್ಗೆ. ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರು, 1959ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಎದುರು ನಿಂತು ವಾದ ಮಾಡಿದವರು. ಪಟ್ಟಿಯಲ್ಲಿ ಇದು ದೊಡ್ಡ ಬಲ. ಆದರೆ ಅನುಭವ ಎನ್ನುವ ಬಲಕ್ಕೆ ಸಾಕ್ಷಿ ಬೇಕು, ಆ ಸಾಕ್ಷಿ ಬೇರೆಯವರ ಬಾಯಿಂದ ಬರಬೇಕು. ಆಗಸ್ಟ್ 24ರ ಪತ್ರಿಕಾಗೋಷ್ಠಿಯಲ್ಲಿ, ನಿಕ್ಸನ್ ಕೊಟ್ಟ ಯಾವುದಾದರೂ ದೊಡ್ಡ ಸಲಹೆಯನ್ನು ನೀವು ಒಪ್ಪಿಕೊಂಡಿದ್ದುಂಟೇ ಎಂದು ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಕೇಳಿದರು. ಒಂದು ವಾರ ಸಮಯ ಕೊಟ್ಟರೆ ಒಂದು ಹೊಳೆಯಬಹುದು, ಈಗ ನೆನಪಿಲ್ಲ ಎಂದುಬಿಟ್ಟರು ಅವರು. ಕೆನಡಿ ಕಡೆಯವರು ಆ ತುಣುಕನ್ನೇ ಜಾಹೀರಾತು ಮಾಡಿ ಟಿವಿಯಲ್ಲಿ ತೋರಿಸಿದರು.

ಕೆನಡಿ ಕಡೆಯ ಪಟ್ಟಿಯಲ್ಲಿ ಎಲ್ಲರ ಕಣ್ಣಿಗೆ ಬಿದ್ದ ದೌರ್ಬಲ್ಯ ಅವರ ಧರ್ಮ. ಕ್ಯಾಥೊಲಿಕ್ ಅಭ್ಯರ್ಥಿ ಅಲ್ ಸ್ಮಿತ್ 1928ರಲ್ಲಿ ಹೂವರ್ ಎದುರು ನೆಲ ಕಚ್ಚಿದ್ದನ್ನು ಯಾರೂ ಮರೆತಿರಲಿಲ್ಲ. ನನ್ನ ಕಸುಬಿನಲ್ಲಿ ಕಲಿತ ಅತಿ ಮುಖ್ಯ ಪಾಠ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಅದೇ ಧರ್ಮ ದಕ್ಷಿಣದಲ್ಲಿ, ಪ್ರಾಟೆಸ್ಟಂಟರು ತುಂಬಿದ ಊರುಗಳಲ್ಲಿ ಕೆನಡಿ ಅವರಿಗೆ ಮತ ಕಳೆಯಿತು. ಟೆನೆಸ್ಸಿ, ಒಕ್ಲಹಾಮಾ, ಫ್ಲೋರಿಡಾ ಕೈಬಿಟ್ಟವು. ಆದರೆ ಕಾರ್ಖಾನೆಗಳಿದ್ದ ಉತ್ತರದ ದೊಡ್ಡ ರಾಜ್ಯಗಳಲ್ಲಿ ಐರಿಶ್, ಇಟಾಲಿಯನ್, ಪೋಲಿಶ್ ಮನೆತನಗಳ ಕ್ಯಾಥೊಲಿಕರು ಗುಂಪುಗುಂಪಾಗಿ ಅವರ ಕಡೆ ವಾಲಿದರು. ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ 1956ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಸಿಕ್ಕಿದ್ದ ಕ್ಯಾಥೊಲಿಕ್ ಮತ ಶೇ 51. 1960ರಲ್ಲಿ ಶೇ 78. ಒಂದೇ ಗುಣ, ಒಂದು ಕಡೆ ಶಾಪ, ಇನ್ನೊಂದು ಕಡೆ ವರ. ದೇಶ ಪೂರ್ತಿ ಕೂಡಿಸಿ ನೋಡಿದರೆ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿರಬಹುದು. ಆದರೆ ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ದೇಶದ ಒಟ್ಟು ಮತವಲ್ಲ. ರಾಜ್ಯಕ್ಕಿಷ್ಟು ಎಂದು ಎಲೆಕ್ಟೋರಲ್ ಮತಗಳಿವೆ, ಹೆಚ್ಚುಕಡಿಮೆ ಎಲ್ಲ ಕಡೆ ಒಂದು ಮತ ಹೆಚ್ಚು ಪಡೆದವರಿಗೆ ಆ ರಾಜ್ಯದ ಅಷ್ಟೂ ಸೇರುತ್ತವೆ. ಕಳೆದುಕೊಂಡ ಮತ ಯಾವ ರಾಜ್ಯದ್ದು, ಗಳಿಸಿದ್ದು ಯಾವ ರಾಜ್ಯದ್ದು ಎಂದು ಕೇಳದೆ ಬಲ ತೂಗಿದರೆ ಆ ತೂಕಕ್ಕೆ ಅರ್ಥವೇ ಇಲ್ಲ.

ಇನ್ನು ಆ ಪ್ರಸಿದ್ಧ ಟಿವಿ ಚರ್ಚೆ. ಸೆಪ್ಟೆಂಬರ್ 26, ಶಿಕಾಗೋ. ಮಂಡಿಯ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದಿದ್ದ ನಿಕ್ಸನ್ ಸೊರಗಿ ಕಾಣುತ್ತಿದ್ದರು, ಹಾಕಿದ್ದ ಬೂದು ಬಣ್ಣದ ಸೂಟು ಹಿಂದಿನ ಗೋಡೆಯ ಬಣ್ಣದೊಳಗೇ ಕರಗಿಹೋಗಿತ್ತು. ಸುಮಾರು 7 ಕೋಟಿ ಜನ ನೋಡಿದರು. ಟಿವಿ ನೋಡಿದವರಿಗೆ ಕೆನಡಿ ಗೆದ್ದಂತೆ, ರೇಡಿಯೋ ಕೇಳಿದವರಿಗೆ ನಿಕ್ಸನ್ ಗೆದ್ದಂತೆ ಅನಿಸಿತು ಎಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಆ ಕಥೆ ನಿಂತಿರುವುದು ಒಂದು ಸಣ್ಣ ಸಮೀಕ್ಷೆಯ ಮೇಲೆ. 1960ರಲ್ಲಿ ಟಿವಿ ಇಲ್ಲದೆ ರೇಡಿಯೋ ಕೇಳುತ್ತಿದ್ದವರಲ್ಲಿ ಹಳ್ಳಿಗಾಡಿನ ಪ್ರಾಟೆಸ್ಟಂಟರೇ ಹೆಚ್ಚಿದ್ದಿರಬೇಕು. ಚರ್ಚೆ ಶುರುವಾಗುವ ಮುಂಚೆಯೇ ಅವರಲ್ಲಿ ಬಹಳ ಮಂದಿ ನಿಕ್ಸನ್ ಕಡೆಯವರಾಗಿದ್ದಿರಬಹುದು. ಯಾರನ್ನು ಕೇಳಿದೆವು ಎನ್ನುವುದನ್ನು ಬಿಟ್ಟು ಏನು ಹೇಳಿದರು ಎನ್ನುವುದನ್ನಷ್ಟೇ ಹಿಡಿದುಕೊಂಡರೆ ಇಂಥ ಕಥೆಗಳು ಹುಟ್ಟುತ್ತವೆ. ಚರ್ಚೆಯಿಂದ ಕೆನಡಿ ಅವರಿಗೆ ಅನುಕೂಲ ಆಯಿತು, ನಿಜ. ಉಪಾಧ್ಯಕ್ಷರ ಪಕ್ಕದಲ್ಲಿ ಸರಿಸಮಾನರಾಗಿ ನಿಂತು ಕಂಡದ್ದೇ ಆ ಅನುಕೂಲ. ಎದುರಾಳಿಯ ಅನುಭವದ ಬಲ ಅವತ್ತೇ ಅರ್ಧ ಕರಗಿತು.

ನನ್ನ ತಕ್ಕಡಿಯಲ್ಲಿ ಚರ್ಚೆಗಿಂತ ಹೆಚ್ಚು ತೂಗುವುದು ಒಂದು ಫೋನ್ ಕರೆ. ಅಕ್ಟೋಬರ್‌ನಲ್ಲಿ ಕರಿಯರ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಜಾರ್ಜಿಯಾದಲ್ಲಿ ಬಂಧಿಸಿ ದೂರದ ರಾಜ್ಯ ಜೈಲಿಗೆ ಹಾಕಿದರು. ಗರ್ಭಿಣಿಯಾಗಿದ್ದ ಅವರ ಹೆಂಡತಿ ಕೊರೆಟ್ಟಾ ಅವರಿಗೆ ಕೆನಡಿ ಫೋನ್ ಮಾಡಿ ಧೈರ್ಯ ಹೇಳಿದರು. ಕೆನಡಿ ಅವರ ತಮ್ಮ ರಾಬರ್ಟ್ ನ್ಯಾಯಾಧೀಶರ ಜೊತೆ ಮಾತಾಡಿದರು. ಕಿಂಗ್ ಹೊರಗೆ ಬಂದರು. ನಿಕ್ಸನ್ ಬಹಿರಂಗವಾಗಿ ಏನೂ ಹೇಳಲಿಲ್ಲ. ಮೊದಲು ನಿಕ್ಸನ್ ಅವರನ್ನು ಬೆಂಬಲಿಸಿದ್ದ ಕಿಂಗ್ ಅವರ ತಂದೆ ಕೆನಡಿ ಕಡೆಗೆ ತಿರುಗಿದರು. ದೊಡ್ಡ ಪತ್ರಿಕೆಗಳಲ್ಲಿ ಅದು ಸಣ್ಣ ಸುದ್ದಿ. ಆದರೆ ಚುನಾವಣೆಯ ಹಿಂದಿನ ಭಾನುವಾರ ಕರಿಯರ ಚರ್ಚುಗಳ ಬಾಗಿಲಲ್ಲಿ ಈ ವಿಷಯದ ನೀಲಿ ಕಾಗದದ ಕರಪತ್ರಗಳು ರಾಶಿರಾಶಿಯಾಗಿ ಹಂಚಿಕೆಯಾದವು. ಗುರಿ ಗೊತ್ತಿದ್ದು ಬಿಟ್ಟ ಬಾಣ ಅದು.

ಅದೇ ಭಾನುವಾರ, ನವೆಂಬರ್ 6ರಂದು, ನಿಕ್ಸನ್ ಎಲ್ಲಿದ್ದರು? ಅಲಾಸ್ಕಾದಲ್ಲಿ. ಜುಲೈನಲ್ಲಿ ಉಮೇದುವಾರಿಕೆ ಒಪ್ಪಿಕೊಂಡ ಭಾಷಣದಲ್ಲಿ 50 ರಾಜ್ಯಗಳಿಗೂ ಪ್ರಚಾರ ಒಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದರು, ಕೊಟ್ಟ ಮಾತು ಉಳಿಸಿಕೊಳ್ಳಲು ಹೋದರು. ನಿಷ್ಠೆಯ ದೃಷ್ಟಿಯಿಂದ ನನಗೆ ಅವರ ಮೇಲೆ ಗೌರವವೇ ಇದೆ. ಆದರೆ ಅಲಾಸ್ಕಾದ ಎಲೆಕ್ಟೋರಲ್ ಮತ ಬರೀ 3. ಅವರು ಅಲ್ಲಿ ಗೆದ್ದರು ಕೂಡ. ಇಲಿನಾಯ್‌ನಲ್ಲಿದ್ದದ್ದು 27 ಮತ, ಅದು ಕೆನಡಿ ಪಾಲಾದದ್ದು 9 ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ. ಶಿಕಾಗೋದ ಎಣಿಕೆಯ ಬಗ್ಗೆ ಆಮೇಲೆ ಆರೋಪಗಳೂ ಕೇಳಿಬಂದವು. ಟೆಕ್ಸಾಸ್‌ನ 24 ಮತ ಹೋದದ್ದು ಸುಮಾರು 46 ಸಾವಿರದ ಅಂತರದಲ್ಲಿ. ಅಲ್ಲಿ ಕೆನಡಿ ಅವರಿಗೆ ಆಸರೆಯಾದವರು ಅದೇ ರಾಜ್ಯದ ಲಿಂಡನ್ ಜಾನ್ಸನ್, ಅವರ ಉಪಾಧ್ಯಕ್ಷ ಅಭ್ಯರ್ಥಿ. ಅಂತಿಮ ಲೆಕ್ಕ ಕೆನಡಿ 303, ನಿಕ್ಸನ್ 219. ಆ ವರ್ಷ ಬೇಕಿದ್ದದ್ದು 269. ಈ ಎರಡು ರಾಜ್ಯ ಆಚೆ ಸರಿದಿದ್ದರೆ ನಿಕ್ಸನ್ 270 ಮುಟ್ಟುತ್ತಿದ್ದರು. ಇಡೀ ದೇಶದಲ್ಲಿ ಇಬ್ಬರ ನಡುವಿನ ಮತಗಳ ಅಂತರ ಸುಮಾರು 1.13 ಲಕ್ಷ, ಒಟ್ಟು ಬಿದ್ದ ಮತ 6.8 ಕೋಟಿಗೂ ಮೇಲೆ.

ಇಷ್ಟು ಹತ್ತಿರದ ಸ್ಪರ್ಧೆಯನ್ನು ಸಮೀಕ್ಷೆ ಮುಂಚೆಯೇ ಹೇಳಬಲ್ಲುದೇ? ಸಾವಿರ ಜನರನ್ನು ಕೇಳಿದ ಸಮೀಕ್ಷೆಗೆ ಸುಮಾರು 3 ಶೇಕಡಾ ಪಾಯಿಂಟ್ ಆಚೀಚೆ ಆಗುವ ಸಾಧ್ಯತೆ ಇದೆ ಎಂದು ಪತ್ರಿಕೆಗಳು ಬರೆಯುತ್ತವೆ. ಅದು ಒಬ್ಬ ಅಭ್ಯರ್ಥಿಯ ಪಾಲಿನ ಮಾತು. ಇಬ್ಬರ ನಡುವಿನ ಅಂತರಕ್ಕೆ ಬಂದರೆ ಅದು ಹೆಚ್ಚುಕಡಿಮೆ ದುಪ್ಪಟ್ಟು. 4 ಪಾಯಿಂಟ್ ಮುನ್ನಡೆ ಎಂದು ದಪ್ಪಕ್ಷರದಲ್ಲಿ ಓದಿದಾಗ, ಆ ಒಂದು ಸಮೀಕ್ಷೆಯ ಮಟ್ಟಿಗೆ ಅದು ಸಮಬಲವೂ ಆಗಿರಬಹುದು ಎಂದು ಇಟ್ಟುಕೊಳ್ಳಿ.

2016ರಲ್ಲಿ ದೇಶದ ಒಟ್ಟು ಮತದ ಬಗ್ಗೆ ಸಮೀಕ್ಷೆಗಳು ಹೇಳಿದ್ದು ಬಹುಮಟ್ಟಿಗೆ ಸರಿಯಾಗಿತ್ತು; ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಎಡವಿದ್ದು ರಾಜ್ಯಗಳಲ್ಲಿ. ಕಾಲೇಜು ಓದಿದವರು ಸಮೀಕ್ಷೆಗೆ ಹೆಚ್ಚು ಉತ್ತರ ಕೊಡುತ್ತಾರೆ, ಅದನ್ನು ಸರಿದೂಗಿಸದೆ ಬಿಟ್ಟವರು ಬಹಳ ಮಂದಿ. ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಸುಮಾರು 78 ಸಾವಿರ ಮತಗಳಿಂದ ಟ್ರಂಪ್ ಕಡೆ ಹೋದವು. ಉಮೇದುವಾರಿಕೆ ಸಿಕ್ಕ ಮೇಲೆ ಹಿಲರಿ ವಿಸ್ಕಾನ್ಸಿನ್‌ಗೆ ಒಮ್ಮೆಯೂ ಪ್ರಚಾರಕ್ಕೆ ಹೋಗಿರಲಿಲ್ಲ. ಅದರಿಂದಲೇ ಸೋತರು ಎಂದು ನಾನು ಹೇಳಲಾರೆ, ಯಾಕೆಂದರೆ ಮತ್ತೆ ಮತ್ತೆ ಹೋದ ಪೆನ್ಸಿಲ್ವೇನಿಯಾವನ್ನೂ ಅವರು ಕಳೆದುಕೊಂಡರು. ಆದರೆ ತನ್ನ ಬಲ ಎಲ್ಲಿ ತೆಳುವಾಗಿದೆ ಎಂಬುದೇ ಆ ತಂಡಕ್ಕೆ ಕಾಣಿಸಿರಲಿಲ್ಲ ಎಂಬುದಂತೂ ಖಚಿತ.

ನಿಕ್ಸನ್ 1968ರಲ್ಲಿ ಮತ್ತೆ ನಿಂತರು. ಆ ಸಲ ಎದುರಾಳಿ ಹಂಫ್ರಿ ಜೊತೆ ಟಿವಿ ಚರ್ಚೆಗೆ ಒಪ್ಪಲಿಲ್ಲ. 50 ರಾಜ್ಯ ಸುತ್ತುವ ಮಾತನ್ನೂ ಕೊಡಲಿಲ್ಲ, ದೊಡ್ಡ ರಾಜ್ಯಗಳ ಮೇಲೆ ಗಮನ ಇಟ್ಟರು. ದೇಶದ ಮತದಲ್ಲಿ ಅಂತರ ಒಂದು ಪಾಯಿಂಟ್‌ಗಿಂತ ಕಡಿಮೆ. ಟೆಕ್ಸಾಸ್ ಆಗಲೂ ಸಿಗಲಿಲ್ಲ. ಇಲಿನಾಯ್ ಸಿಕ್ಕಿತು.